ಕೃತಕ ತಾರೆಗಳ ಕಾವಲುಗಾರರು

ಆಕಾಶವನ್ನು ನೋಡುವುದು ಮನುಷ್ಯನಿಗೆ ಹೊಸ ಅಭ್ಯಾಸವೇನೂ ಅಲ್ಲ. ಬಿತ್ತನೆಯ ಕಾಲವನ್ನು ತಿಳಿಯಲು ಒಕ್ಕಲಿಗನು ನೋಡಿದನು. ದಿಕ್ಕನ್ನು ತಿಳಿಯಲು ನಾವಿಕನು ನೋಡಿದನು. ತಿಥಿನಕ್ಷತ್ರಗಳನ್ನು ಗುಣಿಸಲು ಜೋಯಿಸನು ನೋಡಿದನು. ಯಾವ ಪ್ರಯೋಜನವನ್ನೂ ಬಯಸದೆ, ಬೇಸಗೆಯ ರಾತ್ರಿ ಅಂಗಳದಲ್ಲಿ ಚಾಪೆ ಹಾಸಿ ಮಲಗಿದ ಮಕ್ಕಳೂ ನೋಡಿದರು. ಇವರೆಲ್ಲರೂ ಕಂಡುದು ಮನುಷ್ಯನ ಕೈ ಸೋಕದ ಆಕಾಶವನ್ನು. 1957ನೆಯ ಇಸವಿ ಅಕ್ಟೋಬರ್ 4ರಂದು ಆ ಸ್ಥಿತಿ ಬದಲಾಯಿತು. ಅಂದು ಸೋವಿಯೆತ್ ದೇಶವು 58 ಸೆಂಟಿಮೀಟರು ಅಡ್ಡಳತೆಯ, ಸುಮಾರು 84 ಕಿಲೋಗ್ರಾಂ ತೂಕದ ಲೋಹದ ಗೋಳವೊಂದನ್ನು ರಾಕೆಟ್ಟಿನ ತುದಿಯಲ್ಲಿರಿಸಿ ಮೇಲಕ್ಕೆ ಕಳುಹಿಸಿತು. ಸ್ಪುಟ್ನಿಕ್ ಎಂಬ ಹೆಸರಿನ ಆ ಗೋಳವು 96 ನಿಮಿಷಗಳಿಗೊಮ್ಮೆ ಭೂಪ್ರದಕ್ಷಿಣೆ ಮಾಡಲು ತೊಡಗಿತು. ಪ್ರಕೃತಿ ಇರಿಸಿದ ದೀಪಗಳ ನಡುವೆ ಮನುಷ್ಯನು ಹಚ್ಚಿದ ಹಣತೆಗಳೂ ಅಂದಿನಿಂದ ಸೇರಿಕೊಂಡವು.

ಈ ಹಣತೆಗಳನ್ನು ಹಚ್ಚಿದವರ ಕೀರ್ತಿ ದೇಶದೇಶಗಳಲ್ಲಿ ಹರಡಿದೆ. ಅದು ನ್ಯಾಯವೂ ಹೌದು. ಆದರೆ ಅವುಗಳನ್ನು ನೆಲದ ಮೇಲೆ ನಿಂತು ಕಾಯ್ದವರ ಗುಂಪೊಂದಿದೆ. ಅವರಿಗೆ ಸಂಬಳವಿಲ್ಲ, ಪದವಿಯಿಲ್ಲ, ಯಾರ ಅಪ್ಪಣೆಯೂ ಇಲ್ಲ. ಹಗಲಿನಲ್ಲಿ ಅವರು ಗುಮಾಸ್ತರು, ಉಪಾಧ್ಯಾಯರು, ಅಂಗಡಿಕಾರರು, ಗೃಹಿಣಿಯರು, ವಿದ್ಯಾರ್ಥಿಗಳು. ಸಂಜೆಯಾಗುತ್ತಲೆ ಒಂದು ದುರ್ಬೀನು, ಒಂದು ಗಡಿಯಾರ, ಒಂದು ಟಿಪ್ಪಣಿಯ ಪುಸ್ತಕ ಇಷ್ಟನ್ನು ಹಿಡಿದು ಮಾಳಿಗೆ ಹತ್ತುವವರು. ಹೊಸ ಉಪಗ್ರಹವೊಂದು ಹಾರಿತೆಂಬ ಸುದ್ದಿ ಬಂದರೆ ಅವರಿಗೆ ಊಟ ರುಚಿಸದು. ಅದು ಯಾವ ದಿಕ್ಕಿನಿಂದ ಬಂದೀತು, ಯಾವ ಹೊತ್ತಿಗೆ ಬಂದೀತು, ಎಷ್ಟು ಬೆಳಗೀತು ಎಂಬುದೇ ಅವರ ಚಿಂತೆ. ನೆರೆಯವರಿಗೆ ಇದೊಂದು ಹುಚ್ಚು. ಮನೆಯವರಿಗೆ, ಆರಿಹೋಗುತ್ತಿರುವ ಅನ್ನದ ಮುಂದೆ ಕಾದು ಕುಳಿತುಕೊಳ್ಳುವ ಒಂದು ಕಷ್ಟ. ಆದರೆ ಈ ಹುಚ್ಚಿನಿಂದ ಲೋಕಕ್ಕೆ ದೊರೆತುದನ್ನು ಲೆಕ್ಕ ಹಾಕಿ ನೋಡಿದವರು ಅದನ್ನು ನಗೆಯಾಡಲಾರರು.

ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ. ಚಂದ್ರನಂತೆ ಅದೂ ಸೂರ್ಯನಿಂದ ಸಾಲ ಪಡೆದುದನ್ನೇ ತೋರಿಸುತ್ತದೆ. ನೆಲದ ಮೇಲೆ ಸೂರ್ಯನು ಮುಳುಗಿ ಕತ್ತಲು ಕವಿದ ಮೇಲೆಯೂ ಕೆಲವು ನೂರು ಕಿಲೋಮೀಟರು ಎತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ. ಬೆಟ್ಟದ ತುದಿಯಲ್ಲಿ ಸಂಜೆಬಿಸಿಲು ತಡವಾಗಿ ಆರುವುದನ್ನು ಮಲೆನಾಡಿನವರು ದಿನದಿನವೂ ಕಂಡಿರುವರಷ್ಟೆ, ಇದೂ ಅಂತಹುದೇ. ಆ ಬಿಸಿಲಿನಲ್ಲಿ ಹೊಳೆಯುತ್ತ, ಮಿನುಗದೆ, ಸದ್ದಿಲ್ಲದೆ, ನಕ್ಷತ್ರಗಳ ನಡುವೆ ಒಂದು ಚುಕ್ಕಿ ನಡೆದುಹೋಗುತ್ತದೆ. ಕೆಲವೊಮ್ಮೆ ಆಕಾಶದ ನಡುವಿನಲ್ಲಿಯೇ, ಯಾರೋ ಊದಿದಂತೆ, ಮೆಲ್ಲನೆ ಆರಿಬಿಡುತ್ತದೆ. ಭೂಮಿಯ ನೆರಳನ್ನು ಹೊಕ್ಕಿತೆಂದು ಅದರ ಅರ್ಥ. ಇಂಗ್ಲೆಂಡಿನಂತಹ ಉತ್ತರದ ದೇಶಗಳಲ್ಲಿ ಬೇಸಗೆಯ ಸೂರ್ಯನು ದಿಗಂತದ ಕೆಳಗೆ ಆಳವಾಗಿ ಇಳಿಯನಾದುದರಿಂದ ಇಂತಹ ಚುಕ್ಕಿಗಳು ರಾತ್ರಿಯೆಲ್ಲ ಕಾಣುತ್ತವೆ. ಕನ್ನಡನಾಡಿನಲ್ಲಿ ಸಂಧ್ಯೆ ಬೇಗನೆ ಮುಗಿಯುತ್ತದೆ. ಸೂರ್ಯಾಸ್ತದ ಅನಂತರ ಒಂದೂವರೆ ಎರಡು ಗಂಟೆ, ಸೂರ್ಯೋದಯಕ್ಕೆ ಮುನ್ನ ಅಷ್ಟೇ ಹೊತ್ತು, ಇದೇ ಇಲ್ಲಿನ ವೀಕ್ಷಕನ ಪಾಲು.

ಬಹುಕಾಲದಿಂದ ತಿರುಗುತ್ತಿರುವ ಉಪಗ್ರಹವನ್ನು ನೋಡುವುದು ಸುಲಭ. ಅದು ಬರುವ ವೇಳೆಯನ್ನು ಗ್ರಹಣದ ವೇಳೆಯಂತೆ ಮೊದಲೇ ಗುಣಿಸಿಡಬಹುದು. ಹೊಸದಾಗಿ ಹಾರಿದುದನ್ನು ಹಿಡಿಯುವುದೇ ಕಷ್ಟ. ಆದರೂ ಅದಕ್ಕೊಂದು ಉಪಾಯವುಂಟು. ಉಪಗ್ರಹದ ಕಕ್ಷೆಯನ್ನು ಒಂದು ಬಳೆಯೆಂದು ಭಾವಿಸಬೇಕು. ಬಳೆ ಹೆಚ್ಚು ಕಡಿಮೆ ಅಲುಗದೆ ನಿಂತಿರುತ್ತದೆ. ಅದರೊಳಗೆ ಭೂಮಿ ತಿರುಗುತ್ತದೆ. ರಾಕೆಟ್ಟು ಯಾವ ಊರಿನಿಂದ ಹಾರಿತೋ, ಹಾರಿದ ಗಳಿಗೆಯಲ್ಲಿ ಆ ಬಳೆಯು ಆ ಊರಿನ ಮೇಲೆಯೇ ಹಾದಿರಬೇಕು. ಹಾರಿದ ಸ್ಥಳ, ಹಾರಿದ ಹೊತ್ತು, ತಿರುಗಿದ ದಿಕ್ಕು ಈ ಮೂರು ತಿಳಿದರೆ ಬಳೆಯ ನಿಲವು ತಿಳಿಯುತ್ತದೆ. ಎತ್ತರ ತಿಳಿಯದಿದ್ದರೆ ಉಪಗ್ರಹವು ಬಳೆಯ ಯಾವ ಭಾಗದಲ್ಲಿದೆಯೆಂದು ಹೇಳಲಾಗದು. ಆದರೆ ವೀಕ್ಷಕನ ಊರು ಭೂಮಿಯೊಡನೆ ತಿರುಗುತ್ತ ಆ ಬಳೆಯ ಕೆಳಗೆ ಬರುವ ಹೊತ್ತನ್ನು ಹೇಳಬಹುದು. ಆ ಹೊತ್ತಿಗೆ ದುರ್ಬೀನನ್ನು ಆಕಾಶದ ಒಂದು ಜಾಗಕ್ಕೆ ಕಟ್ಟಿ, ಕಣ್ಣನ್ನು ಅದಕ್ಕೆ ಕಟ್ಟಿ, ಸುಮ್ಮನೆ ಕಾಯಬೇಕು. ಬೇಟೆಗಾರನು ಮೃಗವನ್ನು ಹುಡುಕಿಕೊಂಡು ಕಾಡೆಲ್ಲ ಅಲೆಯದೆ ನೀರಿನ ದಾರಿಯಲ್ಲಿ ಕಾದಿರುವಂತೆ ಇದು.

ಚುಕ್ಕಿ ಬಂತೆನ್ನೋಣ. ಕಂಡು ಸಂತೋಷಪಟ್ಟರೆ ಅದು ನೋಟ ಮಾತ್ರ, ವೀಕ್ಷಣೆಯೆನ್ನಿಸದು. ಚುಕ್ಕಿಯ ದಾರಿಯಲ್ಲಿ ಗುರುತುಳ್ಳ ಎರಡು ನಕ್ಷತ್ರಗಳನ್ನು ಆರಿಸಿಕೊಂಡು, ಅವುಗಳ ನಡುವೆ ಗೆರೆಯೊಂದನ್ನು ಮನಸ್ಸಿನಲ್ಲಿಯೇ ಎಳೆದು, ಚುಕ್ಕಿ ಆ ಗೆರೆಯನ್ನು ದಾಟಿದ ಕ್ಷಣದಲ್ಲಿ ಸ್ಟಾಪ್‌ವಾಚಿನ ಗುಂಡಿ ಒತ್ತಬೇಕು. ದಾಟಿದುದು ಗೆರೆಯ ನಟ್ಟನಡುವೆಯೋ, ಮೂರರಲ್ಲಿ ಒಂದು ಪಾಲಿನಲ್ಲಿಯೋ ಎಂಬುದನ್ನು ಆಗಲೇ ಬರೆದುಕೊಳ್ಳಬೇಕು. ಅನಂತರ ರೇಡಿಯೋ ಹೇಳುವ ಕಾಲದೊಡನೆ ಗಡಿಯಾರವನ್ನು ಹೋಲಿಸಿ, ನಕ್ಷತ್ರಗಳ ಪಟವನ್ನು ಬಿಚ್ಚಿ, ಸ್ಥಾನವನ್ನು ಅಳೆಯಬೇಕು. ಕೆಳಗಣ ಕಕ್ಷೆಯ ಉಪಗ್ರಹವು ಸೆಕೆಂಡಿಗೆ 7.5 ಕಿಲೋಮೀಟರಿಗೂ ಮಿಗಿಲಾಗಿ ಓಡುತ್ತದೆ. 500 ಕಿಲೋಮೀಟರು ಎತ್ತರದಲ್ಲಿ ನಡುನೆತ್ತಿಯ ಮೇಲೆ ಹೋಗುತ್ತಿದ್ದರೆ ಅದು ಒಂದೇ ಸೆಕೆಂಡಿನಲ್ಲಿ ಪೂರ್ಣಚಂದ್ರನ ಅಗಲದ ಒಂದೂವರೆ ಪಾಲಿಗಿಂತ ಹೆಚ್ಚು ದೂರ ಸರಿದಿರುತ್ತದೆ. ಬೆರಳು ಸೆಕೆಂಡಿನ ಹತ್ತರಲ್ಲೊಂದು ಭಾಗ ತಡಮಾಡಿದರೂ ಮುಕ್ಕಾಲು ಕಿಲೋಮೀಟರಿನ ತಪ್ಪು ಸೇರಿಬಿಡುತ್ತದೆ. ಆದುದರಿಂದ ಈ ಹವ್ಯಾಸಕ್ಕೆ ಬೇಕಾದುದು ದೊಡ್ಡ ದೂರದರ್ಶಕವಲ್ಲ, ಬೆರಳಿನ ಎಚ್ಚರ. ಬೆರಳಿಗಿಂತಲೂ ಹೆಚ್ಚಾಗಿ ಮನಸ್ಸಿನ ಪ್ರಾಮಾಣಿಕತೆ. ಕಾಣದಿದ್ದರೆ ಕಾಣಲಿಲ್ಲವೆಂದೇ ಬರೆಯುವವನು ಮಾತ್ರ ಈ ಕೆಲಸಕ್ಕೆ ಯೋಗ್ಯನು. “ಕಾಣಲಿಲ್ಲ” ಎಂಬ ಬರಹಕ್ಕೂ ಬೆಲೆಯುಂಟು. ಉಪಗ್ರಹವು ಎಲ್ಲಿಲ್ಲವೆಂಬುದನ್ನು ಅದು ಹೇಳುತ್ತದೆ.

ಇಂತಹವರ ಅವಶ್ಯಕತೆಯನ್ನು ಮೊದಲು ಮನಗಂಡವರಲ್ಲಿ ಅಮೆರಿಕಾದ ಖಗೋಳವಿಜ್ಞಾನಿ ಫ್ರೆಡ್ ವ್ಹಿಪಲ್ ಪ್ರಮುಖರು. ಅವರು ಸ್ಮಿತ್ಸೋನಿಯನ್ ಖಭೌತ ವೀಕ್ಷಣಾಲಯದ ಅಧ್ಯಕ್ಷರಾಗಿದ್ದರು. 1957ರ ಜುಲೈಯಿಂದ 1958ರ ಡಿಸೆಂಬರಿನವರೆಗೆ ನಡೆಯಲಿದ್ದ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಉಪಗ್ರಹಗಳನ್ನು ಹಾರಿಸಬೇಕೆಂಬ ಸಂಕಲ್ಪವಿದ್ದಿತು. ಅವುಗಳ ಚಿತ್ರ ತೆಗೆಯಲು ಬೇಕರ್-ನನ್ ಎಂಬ ಭಾರೀ ಕ್ಯಾಮರಾಗಳು ಸಿದ್ಧವಾಗುತ್ತಿದ್ದವು. ಜಗತ್ತಿನ 12 ಕಡೆಗಳಲ್ಲಿ ಅವನ್ನು ನಿಲ್ಲಿಸಿದರು. ಅವುಗಳಲ್ಲೊಂದು ಭಾರತದ ನೈನಿತಾಲಿಗೂ ಬಂದಿತು. ಆದರೆ ಕ್ಯಾಮರಾ ಎಷ್ಟು ದೊಡ್ಡದಾದರೂ ಎಲ್ಲಿ ನೋಡಬೇಕೆಂಬುದನ್ನು ಅದಕ್ಕೆ ಯಾರಾದರೂ ಹೇಳಬೇಕಷ್ಟೆ. ಹೊಸ ಉಪಗ್ರಹದ ದಾರಿಯನ್ನು ಮೊದಲ ಬಾರಿಗೆ ಹಿಡಿದು ಕೊಡುವ ಕೆಲಸವನ್ನು ಊರೂರಿನ ಹವ್ಯಾಸಿಗಳಿಗೆ ಒಪ್ಪಿಸೋಣವೆಂದು ವ್ಹಿಪಲ್ಲರು 1956ರಲ್ಲಿ ಯೋಜನೆಯೊಂದನ್ನು ಆರಂಭಿಸಿದರು. ಅದರ ಹೆಸರು ಮೂನ್‌ವಾಚ್, ಎಂದರೆ ಚಂದ್ರಗಾವಲು. ವಿಜ್ಞಾನವನ್ನು ವೃತ್ತಿಯಾಗಿ ಉಳ್ಳವರಲ್ಲಿ ಕೆಲವರು ಇದನ್ನು ನಂಬಲಿಲ್ಲ. ಕೈತೋಟದ ಕೆಲಸ ಬಿಟ್ಟು ಬಂದವರಿಂದ ಶಾಸ್ತ್ರಕ್ಕೇನು ಸಹಾಯವಾದೀತೆಂಬುದು ಅವರ ಸಂದೇಹ.

ಚಂದ್ರಗಾವಲಿನ ಕ್ರಮ ಸರಳವಾಗಿತ್ತು, ಆದರೆ ಸುಲಭವಾಗಿರಲಿಲ್ಲ. ಉತ್ತರ ದಕ್ಷಿಣವಾಗಿ ನಡುನೆತ್ತಿಯ ಮೇಲೆ ಹಾಯುವ ರೇಖೆಯನ್ನು ಗುರುತಿಸಲು ಎತ್ತರದ ಕಂಬವೊಂದನ್ನು ನಿಲ್ಲಿಸುತ್ತಿದ್ದರು. ಅದರ ಸಾಲಿನಲ್ಲಿ ಮೇಜುಗಳನ್ನಿಟ್ಟು, ಒಬ್ಬೊಬ್ಬರು ಒಂದೊಂದು ಪುಟ್ಟ ದೂರದರ್ಶಕದ ಮುಂದೆ ಕುಳಿತುಕೊಳ್ಳುವರು. ಕತ್ತು ನೋಯದಂತೆ, ಆಕಾಶವನ್ನು ಕನ್ನಡಿಯೊಂದರಲ್ಲಿ ಬಗ್ಗಿ ನೋಡುವ ಏರ್ಪಾಡು. ಒಂದೊಂದು ದೂರದರ್ಶಕಕ್ಕೆ ಕಾಣುವುದು ಸುಮಾರು 12 ಡಿಗ್ರಿ ಅಗಲದ ಆಕಾಶದ ತುಂಡು. ಒಬ್ಬರ ತುಂಡಿನ ಅಂಚು ಪಕ್ಕದವರ ತುಂಡಿನೊಳಗೆ ಸ್ವಲ್ಪ ಸೇರಿರುತ್ತಿತ್ತು. ಹೀಗೆ ದಿಗಂತದಿಂದ ದಿಗಂತದವರೆಗೆ ಕಣ್ಣುಗಳ ಬೇಲಿಯೊಂದು ಏಳುತ್ತಿತ್ತು. ಬೇಲಿಯನ್ನು ದಾಟದೆ ಯಾವ ಉಪಗ್ರಹವೂ ಆ ಊರಿನ ಮೇಲೆ ಹೋಗುವಂತಿರಲಿಲ್ಲ. ಎಲ್ಲರ ಪಾಲಿಗೂ ಚುಕ್ಕಿ ಬೀಳದು. ಗಂಟೆಗಟ್ಟಲೆ ತನ್ನ ತುಂಡನ್ನು ಕಾಯ್ದು, ಬರಿಗೈಯಲ್ಲಿ ಮನೆಗೆ ಹೋಗಿ, ಮರುದಿನ ಮತ್ತೆ ಬಂದು ಅದೇ ಸ್ಥಳದಲ್ಲಿ ಕುಳಿತುಕೊಳ್ಳುವವರೇ ಹೆಚ್ಚು. ಬೇಲಿಯ ಬಲವಿದ್ದುದು ಇಂತಹವರಲ್ಲಿ.

ಅವರೆಲ್ಲ ಸಿದ್ಧತೆ ಮಾಡಿಕೊಂಡಿದ್ದುದು ಅಮೆರಿಕಾದ ಉಪಗ್ರಹಕ್ಕಾಗಿ. ಮೊದಲು ಬಂದುದು ರಷ್ಯಾದ್ದು. ಅದು ಭೂಮಧ್ಯರೇಖೆಗೆ 65 ಡಿಗ್ರಿ ಓರೆಯಾದ ದಾರಿಯಲ್ಲಿ, ಯಾರೂ ನಿರೀಕ್ಷಿಸದಿದ್ದ ಊರುಗಳ ಮೇಲೆಯೂ ಹಾಯತೊಡಗಿತು. ದೊಡ್ಡ ಕ್ಯಾಮರಾಗಳು ಇನ್ನೂ ತಮ್ಮ ತಮ್ಮ ಸ್ಥಳಗಳನ್ನು ಸೇರಿರಲಿಲ್ಲ. ಆ ಮೊದಲ ವಾರಗಳಲ್ಲಿ ಚಂದ್ರಗಾವಲಿನವರ ಟಿಪ್ಪಣಿಗಳೇ ಕಕ್ಷೆಯ ಗಣಿತಕ್ಕೆ ಮುಖ್ಯ ಆಧಾರಗಳಲ್ಲಿ ಒಂದಾದುವು. ಇಲ್ಲಿ ಒಂದು ವಿನೋದವನ್ನು ಹೇಳಬೇಕು. ಅಂದು ಊರೂರಿನ ಜನರು ಬೀದಿಗೆ ಬಂದು ಬರಿಗಣ್ಣಿನಿಂದ ಕಂಡು ಬೆರಗಾದುದು ಸ್ಪುಟ್ನಿಕ್ಕನ್ನಲ್ಲ. ಅದನ್ನು ಹೊತ್ತು ತಂದು, ತಾನೂ ಅದೇ ದಾರಿಯಲ್ಲಿ ಸುತ್ತುತ್ತಿದ್ದ ಬರಿದಾದ ರಾಕೆಟ್ಟನ್ನು. ಗೋಳ ತೀರ ಚಿಕ್ಕದು. ಅದನ್ನು ಕಾಣಲು ದುರ್ಬೀನು ಬೇಕಾಗುತ್ತಿತ್ತು. ಮದುವಣಿಗನನ್ನು ನೋಡಲು ಬಂದ ಜನರು ಕುದುರೆಯನ್ನು ನೋಡಿ ಕೈಮುಗಿದಂತಾಯಿತು. ಎರಡಕ್ಕೂ ಇರುವ ಭೇದವನ್ನು ಗುರುತಿಸಿ ಬರೆದವರು ಹವ್ಯಾಸಿಗಳು.

ಚಂದ್ರಗಾವಲು 1975ರವರೆಗೆ ನಡೆಯಿತು. ಅದರ ಚರಿತ್ರೆಯಲ್ಲಿ 1962ನೆಯ ಸೆಪ್ಟೆಂಬರ್ 5 ನೆನಪಿಡಬೇಕಾದ ದಿನ. 1960ರ ಮೇ 15ರಂದು ಹಾರಿದ್ದ ಸ್ಪುಟ್ನಿಕ್ 4 ಎಂಬ ನೌಕೆಯು ಭೂಮಿಗೆ ಮರಳುವ ಪ್ರಯತ್ನದಲ್ಲಿ ದಾರಿತಪ್ಪಿ ಮೇಲೆಯೇ ಉಳಿದಿತ್ತು. ಎರಡು ವರ್ಷಗಳ ಅನಂತರ ಅದು ಇಳಿಯುತ್ತ ಇಳಿಯುತ್ತ ಗಾಳಿಯನ್ನು ಹೊಕ್ಕಾಗ ಅಮೆರಿಕಾದ ಮಿಲ್ವಾಕಿ ನಗರದ ಗಾವಲಿನವರು ನಸುಕಿನಲ್ಲಿಯೇ ಎದ್ದು ಕಾದಿದ್ದರು. ಉರಿಯುವ ತುಂಡುಗಳು ಆಕಾಶದಲ್ಲಿ ಸಾಲುಗೊಂಡು ಹೋದುದನ್ನು ಕಂಡು ದಾಖಲೆ ಮಾಡಿದರು. ಅದೇ ವಿಸ್ಕಾನ್ಸಿನ್ ಪ್ರಾಂತದ ಮ್ಯಾನಿಟೊವೊಕ್ ಎಂಬ ಊರಿನಲ್ಲಿ ಗಸ್ತು ತಿರುಗುತ್ತಿದ್ದ ಇಬ್ಬರು ಪೋಲೀಸರು ಬೀದಿಯ ನಡುವೆ ನೆಟ್ಟಿದ್ದ ಲೋಹದ ತುಂಡೊಂದನ್ನು ಕಂಡು, ಯಾವುದೋ ಲಾರಿಯಿಂದ ಬಿದ್ದ ಕಸವೆಂದು ಬಗೆದು ಪಕ್ಕಕ್ಕೆ ತಳ್ಳಿದರು. ಆಕಾಶದ ಸುದ್ದಿ ಕಿವಿಗೆ ಬಿದ್ದ ಮೇಲೆ ಹಿಂದಕ್ಕೆ ಹೋಗಿ ಎತ್ತಿಕೊಂಡು ಬಂದರು. ಸುಮಾರು 9 ಕಿಲೋಗ್ರಾಂ ತೂಕದ ಆ ತುಂಡು ಸ್ಪುಟ್ನಿಕ್ಕಿನದೇ ಆಗಿದ್ದಿತು. ಕಣ್ಣಿಟ್ಟು ಕಾದವರಿಲ್ಲದಿದ್ದರೆ ಅದು ಕಸವಾಗಿಯೇ ಉಳಿಯುತ್ತಿತ್ತು.

ಇಷ್ಟೆಲ್ಲ ಬರೆದಿಟ್ಟುದರಿಂದ ಆದ ಲಾಭವೇನು? ಇಂಗ್ಲೆಂಡಿನ ಫಾರ್ನ್‌ಬರೋ ಎಂಬಲ್ಲಿ ಡೆಸ್ಮಂಡ್ ಕಿಂಗ್-ಹೀಲ್ ಎಂಬ ವಿದ್ವಾಂಸರು ಈ ಪ್ರಶ್ನೆಗೆ ತಮ್ಮ ಜೀವಮಾನದ ಕೆಲಸದಿಂದ ಉತ್ತರ ಕೊಟ್ಟರು. ಉಪಗ್ರಹವು ಕೆಳಗಿಳಿಯುವುದು ಮೇಲಣ ತೆಳುವಾದ ಗಾಳಿ ಅದನ್ನು ತಡೆಯುವುದರಿಂದ. ಆದುದರಿಂದ ಅದು ಇಳಿಯುವ ವೇಗವನ್ನು ಅಳೆದರೆ ಆ ಎತ್ತರದಲ್ಲಿ ಗಾಳಿ ಎಷ್ಟು ದಟ್ಟವಾಗಿದೆಯೆಂದು ತಿಳಿಯುತ್ತದೆ. ಸೂರ್ಯನ ಚಟುವಟಿಕೆ ಹೆಚ್ಚಿದಾಗ ಆ ಗಾಳಿ ಉಬ್ಬುವುದೂ ತಗ್ಗಿದಾಗ ಕುಗ್ಗುವುದೂ ಹೀಗೆಯೇ ತಿಳಿದುಬಂತು. ಕಕ್ಷೆಯ ಸಣ್ಣ ಸಣ್ಣ ಓಲಾಟಗಳಿಂದ ಭೂಮಿಯ ಆಕಾರವನ್ನೂ, ಅದು ಉತ್ತರ ದಕ್ಷಿಣಗಳಲ್ಲಿ ಸಮನಾಗಿಲ್ಲವೆಂಬುದನ್ನೂ ಅಳೆದರು. ಈ ಲೆಕ್ಕಗಳಿಗೆ ಬೇಕಾದ ಸಾವಿರಾರು ಅಳತೆಗಳಲ್ಲಿ ಬಹುಭಾಗವನ್ನು ತಂದುಕೊಟ್ಟವರು ದುರ್ಬೀನು ಹಿಡಿದ ಸಾಮಾನ್ಯ ಜನರು; ಕಿಂಗ್-ಹೀಲರು ತಾವೂ ದುರ್ಬೀನು ಹಿಡಿದು ಹೊರಗೆ ನಿಲ್ಲುತ್ತಿದ್ದರು. ಹನಿಹನಿಗೂಡಿದರೆ ಹಳ್ಳವೆಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಕೆಟರಿಂಗ್ ಎಂಬ ಇಂಗ್ಲೆಂಡಿನ ಇನ್ನೊಂದು ಊರಿನಲ್ಲಿ ನಡೆದುದು ಮಾತ್ರ ಹಳ್ಳವಲ್ಲ, ಹೊಳೆಯೇ ಸರಿ.

ಕೆಟರಿಂಗ್ ಗ್ರಾಮರ್ ಸ್ಕೂಲಿನಲ್ಲಿ ಜೆಫ್ರಿ ಪೆರಿ ಎಂಬವರು ಭೌತವಿಜ್ಞಾನದ ಉಪಾಧ್ಯಾಯರು. ಡೆರೆಕ್ ಸ್ಲೇಟರ್ ಎಂಬವರು ರಸಾಯನಶಾಸ್ತ್ರದ ಉಪಾಧ್ಯಾಯರು. ಕೂಗುತ್ತ ಬರುವ ರೈಲಿನ ಸಿಳ್ಳು ನಿಲ್ದಾಣವನ್ನು ದಾಟಿದೊಡನೆ ತಗ್ಗಿದ ಸ್ವರಕ್ಕೆ ಇಳಿಯುವುದನ್ನು ಎಲ್ಲರೂ ಕೇಳಿದ್ದಾರೆ. ಡಾಪ್ಲರ್ ಪರಿಣಾಮವೆಂದು ಅದಕ್ಕೆ ಹೆಸರು. ಉಪಗ್ರಹದ ರೇಡಿಯೋ ಸದ್ದೂ ಹಾಗೆಯೇ ಇಳಿಯುತ್ತದೆ. ಅದನ್ನು ಹುಡುಗರಿಗೆ ಕೇಳಿಸಿ ಪಾಠ ಹೇಳೋಣವೆಂದು 1960ರ ಸುಮಾರಿಗೆ ಈ ಇಬ್ಬರು ಒಂದು ರೇಡಿಯೋ ಪೆಟ್ಟಿಗೆಯನ್ನು ಶಾಲೆಯಲ್ಲಿರಿಸಿದರು. ಪಾಠಕ್ಕಾಗಿ ತೊಡಗಿದುದು ವ್ರತವಾಯಿತು. ಸೋವಿಯೆತ್ ಸರ್ಕಾರವು ಒಂದಾದ ಮೇಲೊಂದರಂತೆ ಹಾರಿಸುತ್ತಿದ್ದ ಉಪಗ್ರಹಗಳಿಗೆ ಕಾಸ್ಮಾಸ್ ಎಂಬ ಒಂದೇ ಹೆಸರನ್ನಿಟ್ಟು, ಸಂಖ್ಯೆಯನ್ನು ಮಾತ್ರ ಬದಲಾಯಿಸುತ್ತಿತ್ತು. ಎತ್ತರ, ಓರೆ, ಸುತ್ತುವ ಅವಧಿ ಇವನ್ನು ಪ್ರಕಟಿಸುತ್ತಿತ್ತೇ ಹೊರತು ಉದ್ದೇಶವನ್ನು ಹೇಳುತ್ತಿರಲಿಲ್ಲ. ಹುಡುಗರು ಪಾಳಿಯ ಮೇಲೆ ಕಿವಿಗೊಟ್ಟು, ಸದ್ದು ಕೇಳಿಬಂದ ನಿಮಿಷವನ್ನೂ ಅಡಗಿದ ನಿಮಿಷವನ್ನೂ ಬರೆಯುತ್ತ ಹೋದರು.

1966ರ ಮಾರ್ಚ್ 17ರಂದು ಕಾಸ್ಮಾಸ್ 112 ಹಾರಿತು. ಅದುವರೆಗೆ ಇಂತಹವೆಲ್ಲ ಹೊರಡುತ್ತಿದ್ದುದು ಮಧ್ಯ ಏಷ್ಯದ ಬೈಕನೂರಿನಿಂದಲೋ ವೋಲ್ಗಾ ನದಿಯ ಕಡೆಯ ಕಾಪುಸ್ತಿನ್ ಯಾರ್ ಎಂಬಲ್ಲಿಂದಲೋ ಎಂಬುದು ತಿಳಿದ ವಿಷಯ. ಆದರೆ ಕೆಟರಿಂಗಿನ ಪುಸ್ತಕದಲ್ಲಿದ್ದ ನಿಮಿಷಗಳನ್ನು ಹಿಂದಕ್ಕೆ ಗುಣಿಸಿದರೆ ಈ ಉಪಗ್ರಹದ ದಾರಿ ಬೈಕನೂರಿಗೆ ಹೊಂದಲಿಲ್ಲ. ಒಂದು ಸಲ ಹೊಂದದಿದ್ದರೆ ಬೆರಳಿನ ತಪ್ಪೋ ಗಡಿಯಾರದ ತಪ್ಪೋ ಎನ್ನಬಹುದು. ಪೆರಿಯವರು ಅವಸರಪಡದೆ ಕಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾಸ್ಮಾಸ್ 129 ಬೇರೊಂದು ಓರೆಯಲ್ಲಿ ಹಾರಿತು. ಇದೂ ಹೊಂದಲಿಲ್ಲ. ಆಗ ಎರಡರ ದಾರಿಗಳನ್ನೂ ಭೂಪಟದ ಮೇಲೆ ಎಳೆದು ನೋಡಿದರು. ಎರಡು ಗೆರೆಗಳು ಉತ್ತರ ರಷ್ಯಾದ ಆರ್ಖಾಂಗೆಲ್ಸ್ಕ್ ಪ್ರಾಂತದಲ್ಲಿ, ಪ್ಲೆಸೆಟ್ಸ್ಕ್ ಎಂಬ ಸಣ್ಣ ಊರಿನ ಹತ್ತಿರ ಒಂದನ್ನೊಂದು ಕೂಡಿದುವು. ಬಳೆಗಳೆರಡೂ ಹಾಯುವ ಸ್ಥಳವೇ ಅವೆರಡೂ ಹೊರಟ ಸ್ಥಳ. ಯಾರಿಗೂ ಹೇಳದೆ ಸೋವಿಯೆತ್ ಸರ್ಕಾರವು ಅಲ್ಲಿ ಹೊಸದೊಂದು ಉಡಾವಣೆಯ ನೆಲೆಯನ್ನು ಬಳಸತೊಡಗಿತ್ತು. 1966ರ ಕೊನೆಯ ಭಾಗದಲ್ಲಿ ಶಾಲೆಯ ಉಪಾಧ್ಯಾಯರೊಬ್ಬರು ಇದನ್ನು ಲೋಕಕ್ಕೆ ತಿಳಿಸಿದರು.

ಪ್ಲೆಸೆಟ್ಸ್ಕಿನಲ್ಲಿ ಕ್ಷಿಪಣಿಗಳ ನೆಲೆಯಿರುವುದು ಅಮೆರಿಕಾದ ಗುಪ್ತಚಾರರಿಗೆ ಮೊದಲೇ ತಿಳಿದಿತ್ತು. ಆದರೆ ತಿಳಿದವರು ಬಾಯಿ ಬಿಡುವ ಕಸುಬಿನವರಲ್ಲ. ಬಚ್ಚಿಟ್ಟವರೂ ಮೌನ, ಕಂಡುಕೊಂಡವರೂ ಮೌನ. ನಡುವೆ ಸಾಮಾನ್ಯ ಪ್ರಜೆಗೆ ಮಾತ್ರ ಏನೂ ತಿಳಿಯದು. ಅನೇಕ ವರ್ಷಗಳ ಕಾಲ ಜಗತ್ತಿನಲ್ಲಿಯೇ ಅತ್ಯಧಿಕ ಉಡಾವಣೆಗಳು ನಡೆದ ಆ ಸ್ಥಳವನ್ನು ಸೋವಿಯೆತ್ ಸರ್ಕಾರವು ಬಾಯಿಬಿಟ್ಟು ಒಪ್ಪಿಕೊಂಡುದು 1983ರಲ್ಲಿ. ಹದಿನೇಳು ವರ್ಷ ಮುಂಚೆಯೇ ಒಂದು ರೇಡಿಯೋ ಪೆಟ್ಟಿಗೆ, ಒಂದು ಗಡಿಯಾರ, ಒಂದು ಭೂಪಟ ಇವುಗಳಿಂದ ಹುಡುಗರು ಅದನ್ನು ತಿಳಿದಿದ್ದರು. ಬೇಹುಗಾರಿಕೆಯಾಗಲಿ ಲಂಚವಾಗಲಿ ಇಲ್ಲಿ ಬೇಕಾಗಲಿಲ್ಲ. ತಲೆಯ ಮೇಲೆ ಹಾದುಹೋದುದನ್ನು ಗಮನವಿಟ್ಟು ಕೇಳಿದ್ದೇ ಸಾಕಾಯಿತು. ಆ ತರಗತಿಯಲ್ಲಿ ಹುಡುಗರು ಡಾಪ್ಲರ್ ಪರಿಣಾಮವನ್ನು ಕಲಿತರೋ ಇಲ್ಲವೋ, ಒಂದು ರಾಜ್ಯದ ಮಾತಿಗಿಂತ ಪ್ರಕೃತಿಯ ನಿಯಮ ಗಟ್ಟಿಯಾದುದೆಂಬುದನ್ನಂತೂ ಕಲಿತಿರಬೇಕು.

ಇಲ್ಲಿ ವಿಚಾರವಂತರು ಒಂದು ಆಕ್ಷೇಪವನ್ನು ಎತ್ತುವುದುಂಟು. ರಾಜ್ಯರಕ್ಷಣೆಗಾಗಿ ಗುಟ್ಟಾಗಿ ಇರಿಸಿದ ಉಪಗ್ರಹವನ್ನು ಹುಡುಕಿ, ಅದರ ದಾರಿಯನ್ನು ಎಲ್ಲರಿಗೂ ಸಾರುವುದು ಸರಿಯೆ? ಗುಟ್ಟು ರಷ್ಯಾದವರ ಸೊತ್ತು ಮಾತ್ರವೇನೂ ಅಲ್ಲ. 1980ರ ದಶಕದಿಂದೀಚೆಗೆ ಅಮೆರಿಕಾ ಸರ್ಕಾರವೂ ತನ್ನ ಸೈನಿಕ ಉಪಗ್ರಹಗಳಲ್ಲಿ ಅನೇಕವುಗಳ ಕಕ್ಷೆಯನ್ನು ಪ್ರಕಟಿಸುವುದನ್ನು ನಿಲ್ಲಿಸಿತು. ಹವ್ಯಾಸಿಗಳು ಅವನ್ನೂ ಬಿಡಲಿಲ್ಲ. 2010ರ ಏಪ್ರಿಲ್ 22ರಂದು ಎಕ್ಸ್-37ಬಿ ಎಂಬ ಸಿಬ್ಬಂದಿಯಿಲ್ಲದ ಸೈನಿಕ ಗಗನನೌಕೆ ಮೊದಲ ಸಲ ಹಾರಿದಾಗ ಅದರ ದಾರಿಯನ್ನು ಯಾರೂ ತಿಳಿಸಲಿಲ್ಲ. ಸುಮಾರು ಒಂದು ತಿಂಗಳಲ್ಲಿ ಕೆನಡಾ ಮತ್ತು ದಕ್ಷಿಣ ಆಫ್ರಿಕದ ಹವ್ಯಾಸಿಗಳು ಅದನ್ನು ಕಂಡುಹಿಡಿದು ಕಕ್ಷೆಯನ್ನು ಗುಣಿಸಿದರು. ಇದರಿಂದ ಶತ್ರುವಿಗೆ ಸಹಾಯವಾಗದೆ ಎಂದು ಕೇಳಿದರೆ ಅವರ ಉತ್ತರ ಇಷ್ಟೆ: ಮಾಳಿಗೆಯ ಮೇಲೆ ನಿಂತ ಗುಮಾಸ್ತನ ಕಣ್ಣಿಗೆ ಬೀಳುವುದು, ನೂರಾರು ಯಂತ್ರಗಳುಳ್ಳ ಶತ್ರುರಾಜ್ಯದ ಕಣ್ಣಿಗೆ ಬೀಳದೆ ಇರುವುದೆ? ಉತ್ತರದಲ್ಲಿ ಬಲವಿದೆ. ಆದರೆ ಆಕ್ಷೇಪವೂ ಪೂರ್ತಿ ಹುರುಳಿಲ್ಲದುದಲ್ಲ. ಶತ್ರುವೆಂದರೆ ಯಂತ್ರಗಳುಳ್ಳ ರಾಜ್ಯವೇ ಆಗಬೇಕೆಂದಿಲ್ಲ. ಇಷ್ಟನ್ನು ಮಾತ್ರ ನಿಶ್ಚಯವಾಗಿ ಹೇಳಬಹುದು: ಹೊಲಕ್ಕೆ ಬೇಲಿಯುಂಟು, ಸಮುದ್ರಕ್ಕೂ ಗಡಿಯುಂಟು, ತಲೆಯ ಮೇಲಣ ಆಕಾಶವನ್ನು ನೋಡಬೇಡವೆನ್ನುವ ಶಾಸನ ಎಲ್ಲಿಯೂ ನಡೆಯದು.

ಹುಡುಕುವವನಿಗೆ ಹುಡುಕಿದ್ದೇ ಸಿಕ್ಕಬೇಕೆಂಬ ನಿಯಮವಿಲ್ಲ. 2018ರ ಜನವರಿಯಲ್ಲಿ ಅಮೆರಿಕಾ ಜುಮಾ ಎಂಬ ಗುಪ್ತ ಉಪಗ್ರಹವನ್ನು ಹಾರಿಸಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ವಾಸಿಸುವ ಸ್ಕಾಟ್ ಟಿಲ್ಲಿ ಎಂಬ ಹವ್ಯಾಸಿ ರೇಡಿಯೋಗಾರರು ಅದರ ಸದ್ದನ್ನು ಅರಸುತ್ತಿದ್ದಾಗ ಬೇರೊಂದು ಸದ್ದು ಕಿವಿಗೆ ಬಿತ್ತು. ದಾರಿಯನ್ನು ಲೆಕ್ಕ ಹಾಕಿ ನೋಡಿದರೆ ಅದು 2000ದ ಮಾರ್ಚಿನಲ್ಲಿ ಹಾರಿ, ಭೂಮಿಯ ಕಾಂತವಲಯವನ್ನು ಪರೀಕ್ಷಿಸುತ್ತಿದ್ದು, 2005ರ ಡಿಸೆಂಬರಿನಲ್ಲಿ ಮಾತು ನಿಲ್ಲಿಸಿದ್ದ ಇಮೇಜ್ ಎಂಬ ಉಪಗ್ರಹ! ಅದನ್ನು ಸತ್ತುಹೋಯಿತೆಂದು ನಾಸಾ ಸಂಸ್ಥೆ ಕೈಬಿಟ್ಟು ವರ್ಷಗಳಾಗಿದ್ದವು. ಟಿಲ್ಲಿಯವರು ಸುದ್ದಿ ಕೊಟ್ಟರು; ಜನವರಿ ಮುಗಿಯುವುದರೊಳಗೆ ನಾಸಾದವರು ತಮ್ಮ ಉಪಗ್ರಹವೇ ಹೌದೆಂದು ಒಪ್ಪಿದರು. ಹನ್ನೆರಡು ವರ್ಷ ಮೂಕವಾಗಿದ್ದುದು ಯಾವಾಗಲೋ ತಾನಾಗಿ ಎಚ್ಚತ್ತು, ಕೇಳುವವರಿಲ್ಲದೆ ಕೂಗುತ್ತಿತ್ತು. ಕೆಟರಿಂಗಿನವರು ಬಚ್ಚಿಟ್ಟುದನ್ನು ಹೊರತೆಗೆದರು. ಇವರು ಕಳೆದುಹೋದುದನ್ನು ಒಡೆಯನಿಗೆ ಒಪ್ಪಿಸಿದರು. ಎರಡಕ್ಕೂ ಸಾಧನ ಒಂದೇ, ಸಂಬಳವಿಲ್ಲದ ತಾಳ್ಮೆ.

ಈಗ ಈ ಹವ್ಯಾಸಕ್ಕೆ ಒಂದು ಹೊಸ ಸಂಕಟ ಒದಗಿದೆ. 2019ರ ಮೇ ತಿಂಗಳಲ್ಲಿ ಸ್ಪೇಸ್‌ಎಕ್ಸ್ ಸಂಸ್ಥೆಯು ಸ್ಟಾರ್‌ಲಿಂಕ್ ಎಂಬ 60 ಉಪಗ್ರಹಗಳನ್ನು ಒಂದೇ ರಾಕೆಟ್ಟಿನಲ್ಲಿ ಹಾರಿಸಿತು. ಹಾಲೆಂಡಿನ ಲೈಡನ್ ನಗರದಲ್ಲಿ ಮಾರ್ಕೊ ಲ್ಯಾಂಗ್‌ಬ್ರೂಕ್ ಎಂಬ ಅನುಭವಿ ವೀಕ್ಷಕರು ಕಕ್ಷೆಯನ್ನು ತಾವೇ ಅಂದಾಜು ಮಾಡಿ ಮೇ 24ರ ರಾತ್ರಿ ಕ್ಯಾಮರಾ ಹಿಡಿದು ಕಾದರು. ಮುತ್ತಿನ ಹಾರ ಹರಿದು ಸಾಲಾಗಿ ಉರುಳಿದಂತೆ ಚುಕ್ಕಿಗಳು ಒಂದರ ಹಿಂದೊಂದು ಬಂದುವು. ಆ ಚಿತ್ರವನ್ನು ಕಂಡು ಲೋಕ ಬೆರಗಾಯಿತು. ಆದರೆ ಬೆರಗು ಬೇಗನೆ ಆತಂಕವಾಗಿ ಮಾರ್ಪಟ್ಟಿತು. ಅನಂತರದ ವರ್ಷಗಳಲ್ಲಿ ಅಂತಹವು ಸಾವಿರಾರು ಏರಿದುವು. ದೂರದ ತಾರೆಗಳ ಚಿತ್ರ ತೆಗೆಯುವ ವೀಕ್ಷಣಾಲಯಗಳ ಫಲಕಗಳ ಮೇಲೆ ಗೀರುಗಳನ್ನೆಳೆದುವು. ಒಂದು ಹಣತೆಗಾಗಿ ರಾತ್ರಿಯೆಲ್ಲ ಕಾದವರ ಮುಂದೆ ಹಣತೆಗಳ ಸಂತೆಯೇ ನೆರೆಯಿತು. ಸಂತೆಯ ಗದ್ದಲದಲ್ಲಿ ನಿಜವಾದ ನಕ್ಷತ್ರಗಳಿಗೇ ತೊಂದರೆಯಾಯಿತು. ಇಲ್ಲಿಯೂ ಹವ್ಯಾಸಿಗಳು ಗೊಣಗಿ ಸುಮ್ಮನಾಗಲಿಲ್ಲ. ಒಂದೊಂದು ಉಪಗ್ರಹವೂ ಎಷ್ಟು ಬೆಳಗುತ್ತದೆಯೆಂದು ಅಳೆದು ಬರೆಯತೊಡಗಿದರು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಕತ್ತಲೆಯ ಆಕಾಶದ ರಕ್ಷಣೆಗೆಂದು 2022ರಲ್ಲಿ ಸ್ಥಾಪಿಸಿದ ಕೇಂದ್ರದ ಕೆಲಸಕ್ಕೆ ಇಂತಹ ಅಳತೆಗಳು ಒದಗುತ್ತವೆ. ಬೆಳಕನ್ನು ತಗ್ಗಿಸಿದೆವೆಂದು ಉಡಾವಣೆಯವರು ಹೇಳಿದಾಗ, ತಗ್ಗಿದೆಯೋ ಇಲ್ಲವೋ ಎಂದು ಹೇಳಬಲ್ಲ ಸಾಕ್ಷಿಗಳು ನೆಲದ ಮೇಲೆಯೇ ಇದ್ದಾರೆ.

ಕನ್ನಡನಾಡಿಗೆ ಈ ವಿಷಯ ದೂರದ್ದೇನೂ ಅಲ್ಲ. ಭಾರತದ ಮೊದಲ ಉಪಗ್ರಹವಾದ ಆರ್ಯಭಟವು ಬೆಂಗಳೂರಿನ ಪೀಣ್ಯದಲ್ಲಿ ರೂಪುಗೊಂಡು 1975ರ ಏಪ್ರಿಲ್ 19ರಂದು ಕಾಪುಸ್ತಿನ್ ಯಾರ್‌ನಿಂದ ಮೇಲೇರಿತು. 2010ರ ಜುಲೈ 12ರಂದು ಶ್ರೀಹರಿಕೋಟೆಯಿಂದ ಹಾರಿದ ಸ್ಟಡ್‌ಸ್ಯಾಟ್ ಎಂಬ, ಒಂದು ಕಿಲೋಗ್ರಾಮಿಗೂ ಕಡಿಮೆ ತೂಕದ ಉಪಗ್ರಹವನ್ನು ಕಟ್ಟಿದವರು ಕರ್ನಾಟಕ ಮತ್ತು ಆಂಧ್ರದ ಕಾಲೇಜುಗಳ ವಿದ್ಯಾರ್ಥಿಗಳು. ಅದರ ಸದ್ದಿಗಾಗಿ ಬೆಂಗಳೂರಿನ ಕಾಲೇಜೊಂದರ ಮೇಲೆ ಅಂಟೆನಾ ನಿಲ್ಲಿಸಿ ಕಿವಿಗೊಟ್ಟವರೂ ವಿದ್ಯಾರ್ಥಿಗಳೇ. ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣವು ಕನ್ನಡನಾಡಿನ ಸಂಜೆಯ ಆಕಾಶದಲ್ಲಿ ಶುಕ್ರನಿಗೆ ಸಮನಾಗಿ ಬೆಳಗುತ್ತ ಹಾದುಹೋಗುವುದುಂಟು. ಅದು ಬರುವ ವೇಳೆಯನ್ನು ಇಂದು ಕೈಯಲ್ಲಿರುವ ಮೊಬೈಲೇ ಹೇಳಿಬಿಡುತ್ತದೆ. ಹೇಳಿದುದನ್ನು ಕೇಳಿ, ತಲೆಯೆತ್ತದೆ, ತಿಳಿಯಿತೆಂದು ಮುಂದಕ್ಕೆ ಹೋಗುವವರೇ ಬಹುಮಂದಿ. ತಿಳಿದುದಕ್ಕೂ ಕಂಡುದಕ್ಕೂ ಇರುವ ಅಂತರ ಇಲ್ಲಿಯೇ ತೋರುತ್ತದೆ. ಮನೆಯ ಮಕ್ಕಳೊಡನೆ ಮಾಳಿಗೆ ಹತ್ತಿ, ಸ್ವಾತಿಗೂ ಚಿತ್ತೆಗೂ ನಡುವೆ ಆ ಚುಕ್ಕಿ ದಾಟಿದ ಗಳಿಗೆಯನ್ನು ಒಂದು ಕಾಗದದ ಮೇಲೆ ಬರೆಯಿಸಿದ ಗೃಹಸ್ಥನು ಅವರಿಗೆ ಎರಡು ನಕ್ಷತ್ರಗಳ ಹೆಸರನ್ನೂ ಸತ್ಯದ ಬೆಲೆಯನ್ನೂ ಒಟ್ಟಿಗೆ ಕಲಿಸಿದಂತಾಗುತ್ತದೆ.

ಉಪಗ್ರಹಗಳನ್ನು ಹಾರಿಸಲು ಕೋಟಿಗಟ್ಟಲೆ ಹಣವೂ ಸಾವಿರಾರು ಕೈಗಳೂ ಬೇಕು. ಆ ಭಾಗ್ಯ ಎಲ್ಲರಿಗೂ ಇಲ್ಲ. ಹಾರಿದುದು ಎಲ್ಲಿದೆ, ಹೇಗಿದೆ, ಹೇಳಿದಂತೆಯೇ ಇದೆಯೇ ಎಂದು ನೋಡಿ ಹೇಳುವ ಅಧಿಕಾರ ಮಾತ್ರ ಎಲ್ಲರಿಗೂ ಇದೆ. ಆ ಅಧಿಕಾರವನ್ನು ಯಾರೂ ದಾನವಾಗಿ ಕೊಡಲಿಲ್ಲ. ಗಡಿಯಾರವನ್ನು ಸರಿಯಾಗಿಟ್ಟುಕೊಂಡು, ಕಂಡುದಕ್ಕೆ ಒಂದಕ್ಷರವನ್ನೂ ಸೇರಿಸದೆ ಬರೆದವರು ಅದನ್ನು ಸಂಪಾದಿಸಿ ಕೊಟ್ಟರು. ಅದನ್ನು ಉಳಿಸಿಕೊಳ್ಳಲು ಬೇಕಾದುದೂ ಅಷ್ಟೇ.